ಭಿಕ್ಷಾಟನವೂ ಕಾಯಿದೆಯೂ



ಹೋದ ತಿಂಗಳು ಪಟ್ಟಣದ ಕಣ್ಣಿನ ಆಸ್ಪತ್ರೆಯೊಂದರ ಬೀದಿಯಲ್ಲಿ ನಮಗೆ ಒಂದು ಸಂಗತಿ ಎದುರಾಯಿತು. ಸಂಗತಿಯೇನೋ ಸಣ್ಣದೇ, ಆದರೆ ಅದು ಮನಸ್ಸನ್ನು ಬಿಟ್ಟು ಹೋಗಲೊಲ್ಲದು. ಅದನ್ನು ನಿಮ್ಮ ಮುಂದಿಟ್ಟು, ಅದರಿಂದ ಹುಟ್ಟಿದ ವಿಚಾರವನ್ನು ನಿಮ್ಮೊಡನೆ ಕುಳಿತು ಮಾಡೋಣವೆಂದು ಈ ಸಲದ ಲೇಖನವನ್ನು ಹೊಂದಿಸಿದ್ದೇವೆ.

ಹಗಲು ಹನ್ನೊಂದು ಗಂಟೆಯ ಬಿಸಿಲು. ಆಸ್ಪತ್ರೆಯ ಗೋಡೆಯ ನೆರಳಿನಲ್ಲಿ, ಕಾಲುದಾರಿಯ ಮೇಲೆ, ವೃದ್ಧನೊಬ್ಬನು ಕುಳಿತಿದ್ದನು. ಮಾಸಿದ ಅಂಗಿ, ವಾರದ ಗಡ್ಡ, ಒಂದು ಕಣ್ಣಿಗೆ ಕಟ್ಟಿದ ಹಸುರು ಬಟ್ಟೆ, ತೊಡೆಯ ಮೇಲೆ ಹರಡಿಕೊಂಡಿದ್ದ ಟವಲು. ದಾರಿಯಲ್ಲಿ ಹೋಗುತ್ತಿದ್ದ ಗೃಹಿಣಿಯೊಬ್ಬರು ಕನಿಕರದಿಂದ ಆ ಟವಲಿನಲ್ಲಿ ಐದು ರೂಪಾಯಿಯ ನಾಣ್ಯವೊಂದನ್ನು ಹಾಕಿ ಮುಂದೆ ಸಾಗಿದರು. ಮರುಕ್ಷಣವೇ ಪೋಲೀಸಿನವರೊಬ್ಬರು ಬಂದು, "ಇಲ್ಲಿ ಭಿಕ್ಷೆ ಬೇಡಕೂಡದು, ಏಳು, ಗಾಡಿ ಬಂದರೆ ಹತ್ತಿಸಿಕೊಂಡು ಹೋಗುತ್ತಾರೆ" ಎಂದರು. ವೃದ್ಧನು ಗಾಬರಿಯಿಂದ, "ನಾನೇನೂ ಬೇಡಲಿಲ್ಲ ಸ್ವಾಮಿ. ಮಗ ಚೀಟಿ ಮಾಡಿಸುವುದಕ್ಕೆ ಒಳಗೆ ಹೋಗಿದ್ದಾನೆ. ಅವರಾಗಿಯೇ ಹಾಕಿದರು" ಎಂದನು.

ಆ ಧ್ವನಿಯನ್ನು ಕೇಳಿ ನಾವು ನಿಂತೆವು. ನಾವು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಬಹುಕಾಲ ಘಂಟೆ ಬಾರಿಸುತ್ತಿದ್ದ ಮನುಷ್ಯನ ಧ್ವನಿ ಅದು. ನಾವು ಮುಂದೆ ಹೋಗಿ, ಆತನು ಇಂಥವನೆಂದೂ, ಗೌರವಸ್ಥನೆಂದೂ ತಿಳಿಸಲು, ಪೋಲೀಸಿನವರು ಸೌಜನ್ಯದಿಂದಲೇ, "ನೀವು ಹೇಳಿದಮೇಲೆ ಸರಿ, ಸಾರ್" ಎಂದು ಹೊರಟುಹೋದರು. ಅವರ ಮೇಲೆ ನಮಗೆ ಯಾವ ದೂರೂ ಇಲ್ಲ. ಆ ಮೇಲೆ ಮಗನು ಬರುವವರೆಗೆ ಅರ್ಧ ಗಂಟೆ ಕಾಲ ನಾವೂ ಅದೇ ಗೋಡೆಯ ನೆರಳಿನಲ್ಲಿ, ಅದೇ ಕಾಲುದಾರಿಯ ಮೇಲೆ, ಆತನ ಪಕ್ಕದಲ್ಲಿಯೇ ಕುಳಿತಿದ್ದೆವು. ನಮ್ಮನ್ನು ಯಾರೂ ಏಳೆನ್ನಲಿಲ್ಲ. ನಮ್ಮ ತೊಡೆಯ ಮೇಲೆ ಯಾರೂ ನಾಣ್ಯ ಹಾಕಲಿಲ್ಲ. ನಮಗೂ ಆತನಿಗೂ ಇದ್ದ ಭೇದವೆಂದರೆ ಒಗೆದ ಪಂಚೆ, ಕನ್ನಡಕ, ಕೈಯಲ್ಲಿದ್ದ ಕೊಡೆ, ಇಷ್ಟೇ.

ಮನೆಗೆ ಬಂದಮೇಲೆ ಆ ಕಾಯಿದೆಯೇನು ಹೇಳುತ್ತದೆಂದು ನೋಡಿದೆವು. ನಮ್ಮ ರಾಜ್ಯದಲ್ಲಿ ನಡೆಯುತ್ತಿರುವುದು 1975ನೆಯ ಇಸವಿಯ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ. ಭಿಕ್ಷುಕನೆಂದರೆ ಯಾರೆಂಬುದನ್ನು ಅದು ಬಹು ವಿಸ್ತಾರವಾಗಿ ವಿವರಿಸುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಭಿಕ್ಷೆಯನ್ನು ಬೇಡುವವನು ಮಾತ್ರವಲ್ಲ, ಪಡೆಯುವವನೂ ಭಿಕ್ಷುಕನೇ. ಹಾಡು, ಕುಣಿತ, ಭವಿಷ್ಯ ಹೇಳುವುದು, ಸಣ್ಣಪುಟ್ಟ ಸಾಮಾನು ಮಾರುವುದು ಮುಂತಾದ ನೆವದಿಂದ ಪಡೆದರೂ ಅದು ಭಿಕ್ಷೆಯೇ. ಗಾಯವನ್ನೋ ಅಂಗವೈಕಲ್ಯವನ್ನೋ ತೋರಿಸಿ ಬೇಡುವವನೂ ಇದರಲ್ಲಿ ಸೇರಿದನು. ಎಲ್ಲಕ್ಕಿಂತ ವಿಚಾರಾರ್ಹವಾದುದು ಮತ್ತೊಂದು ಮಾತು: ಜೀವನೋಪಾಯವು ಕಣ್ಣಿಗೆ ಕಾಣದಿದ್ದು, ಭಿಕ್ಷೆಯಿಂದಲೇ ಬದುಕುತ್ತಿರಬಹುದೆಂದು ತೋರುವ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಲೆಯುವವನೂ, ಸುಮ್ಮನೆ ಇರುವವನೂ ಭಿಕ್ಷುಕನೇ!

ಈ ಅಕ್ಷರಗಳ ಪ್ರಕಾರ ನಮ್ಮ ಘಂಟೆಯ ಮುದುಕನು ಎರಡು ಬಗೆಯಿಂದ ಭಿಕ್ಷುಕನಾಗಬಹುದಾಗಿತ್ತು. ನಾಣ್ಯವನ್ನು ಪಡೆದನಷ್ಟೆ, ಜೀವನೋಪಾಯವು ಕಾಣದ ವೇಷದಲ್ಲಿ ಬೀದಿಯಲ್ಲಿ ಕುಳಿತಿದ್ದನಷ್ಟೆ. ಆತನಿಗೆ ಮಗನಿರುವುದು, ಊರಿನಲ್ಲಿ ಮನೆಯಿರುವುದು ಮುಖದ ಮೇಲೆ ಬರೆದಿರುತ್ತದೆಯೇ? ಕಾಣದಿರುವುದನ್ನು ಇಲ್ಲವೆಂದು ನಿಶ್ಚಯಿಸುವುದು ತರ್ಕಶಾಸ್ತ್ರದಲ್ಲಿ ದೋಷ. ಇಲ್ಲಿ ಅದೇ ಪ್ರಮಾಣವಾಗಿ ಕುಳಿತಿದೆ.

ಇನ್ನು ಪದದ ವಿಚಾರ. ‘ಭಿಕ್ಷಾಟನ’ವೆಂಬ ಸಮಾಸದಲ್ಲಿ ಎರಡು ಭಾಗಗಳು: ಭಿಕ್ಷೆ, ಅಟನ. ಅಟನವೆಂದರೆ ಸುತ್ತುವುದು. ಬೀದಿಯಲ್ಲಿ ಅಲೆಯುವುದು, ಬೀದಿಯಲ್ಲಿ ಬೇಡುವುದು ಎಂಬ ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟ ಪದವಿದು. ‘ಭಿಕ್ಷ್’ ಎಂಬ ಧಾತುವನ್ನು ಆಧುನಿಕ ಶಬ್ದಶಾಸ್ತ್ರಜ್ಞರು ‘ಭಜ್’ ಎಂಬ ಧಾತುವಿನ ಇಚ್ಛಾರ್ಥಕ ರೂಪವೆಂದು ಎಣಿಸುತ್ತಾರೆ. ‘ಭಜ್’ ಎಂದರೆ ಹಂಚುವುದು, ಪಾಲು ಹೊಂದುವುದು. ಭಾಗ, ವಿಭಾಗ, ವಿಭಕ್ತ ಎಂಬ ಮಾತುಗಳೆಲ್ಲ ಅದರ ಮಕ್ಕಳು. ಆದಕಾರಣ ಭಿಕ್ಷೆಯೆಂದರೆ ಮೂಲದಲ್ಲಿ ‘ಪಾಲನ್ನು ಬಯಸುವುದು’ ಎಂದಾಯಿತು. ಈ ಅರ್ಥವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದು ಬೇಕಾಗುತ್ತದೆ.

ಉಪನಯನದ ದಿವಸ ವಟುವು ಮೊದಲು ಕೈಯೊಡ್ಡುವುದು ತನ್ನ ತಾಯಿಯ ಮುಂದೆ. ಪುರಂದರದಾಸರು ಐಶ್ವರ್ಯವನ್ನು ತೊರೆದು ಯಾಯಿವಾರಕ್ಕೆ ನಿಂತರೆಂದು ಸಂಪ್ರದಾಯವು ಹೇಳುತ್ತದೆ. ವಾರಕ್ಕೊಂದು ಮನೆಯ ಊಟವನ್ನು ನಂಬಿ ಓದಿ ವಿದ್ವಾಂಸರಾದವರು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಹೀಗೆಂದ ಮಾತ್ರಕ್ಕೆ ನಮ್ಮ ಹಿರಿಯರು ಸೋಮಾರಿತನವನ್ನು ಹೊಗಳಿದರೆಂದು ತಿಳಿಯಬಾರದು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಎಲ್ಲರಿಗೂ ವಿಧಿಸಿದರು. ಆದರೆ ಅವರೇ ಕಾಯಕದ ಜೊತೆಯಲ್ಲಿ ದಾಸೋಹವನ್ನೂ ಇಟ್ಟರು. ದುಡಿಯತಕ್ಕದ್ದು ಒಂದು, ಹಂಚತಕ್ಕದ್ದು ಇನ್ನೊಂದು. ಒಂದನ್ನು ಮಾತ್ರ ಎತ್ತಿಕೊಂಡು ಬಡವನ ಮೇಲೆ ಎಸೆಯುವುದು ಶರಣರ ಮಾರ್ಗವಲ್ಲ.

ಹಾಗಾದರೆ ಬೀದಿಯಲ್ಲಿ ನಿಂತವನನ್ನೇ ಅಪರಾಧಿಯೆಂದು ಹಿಡಿಯುವ ಈ ವಿಧಿಯು ಎಲ್ಲಿಂದ ಬಂತು? ಇದರ ವಂಶವೃಕ್ಷವನ್ನು ಹುಡುಕುತ್ತ ಹೋದರೆ ನಾವು ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. ಅಲ್ಲಿ ಮಹಾಮಾರಿಯಿಂದ ಜನಸಂಖ್ಯೆ ಕುಗ್ಗಿ, ಕೂಲಿಯಾಳುಗಳು ಸಿಕ್ಕದೆ, ಸಿಕ್ಕಿದವರು ಹೆಚ್ಚು ಕೂಲಿ ಕೇಳತೊಡಗಿದಾಗ, 1349ರಲ್ಲಿ ಒಂದು ರಾಜಶಾಸನವು ಹೊರಟಿತು. ಮೈಯಲ್ಲಿ ಕಸುವುಳ್ಳ ಭಿಕ್ಷುಕನಿಗೆ ಕನಿಕರದ ಹೆಸರಿನಲ್ಲಿ ಯಾರೂ ಏನನ್ನೂ ಕೊಡಕೂಡದು, ಕೊಟ್ಟರೆ ಸೆರೆಮನೆ, ಎಂಬುದು ಅದರಲ್ಲಿನ ಒಂದು ವಿಧಿ. ಭಿಕ್ಷೆ ನಿಂತರೆ ಅವನು ಕಡಮೆ ಕೂಲಿಗೆ ಬಂದಾನೆಂಬುದು ಅದರ ಹಿಂದಿದ್ದ ಲೆಕ್ಕ. ಬಳಿಕ ನೆಪೋಲಿಯನ್ನನೊಡನೆ ನಡೆದ ಯುದ್ಧಗಳು 1815ರಲ್ಲಿ ಮುಗಿದು, ಸೇನೆಯಿಂದ ಬಿಡುಗಡೆಯಾದ ಸಿಪಾಯಿಗಳು ಕೆಲಸವಿಲ್ಲದೆ ಊರೂರು ಅಲೆಯುತ್ತಿದ್ದ ಕಾಲದಲ್ಲಿ, 1824ರ ಅಲೆಮಾರಿಗಳ ಕಾಯಿದೆ ಹುಟ್ಟಿತು. ಬೀದಿಯಲ್ಲಿ ಬೇಡಿದವನಿಗೆ ಒಂದು ತಿಂಗಳವರೆಗೆ ಸೆರೆ. ಬಯಲಿನಲ್ಲಿ ಮಲಗಿ, ತಾನಾರು, ಏಕೆ ಅಲ್ಲಿರುವೆನೆಂಬುದಕ್ಕೆ ತೃಪ್ತಿಕರವಾದ ಉತ್ತರ ಕೊಡಲಾರದವನಿಗೆ ಮೂರು ತಿಂಗಳವರೆಗೆ. ದೇಶಕ್ಕಾಗಿ ಕಾಲು ಕಳೆದುಕೊಂಡವನು ಆ ದೇಶದ ಬೀದಿಯಲ್ಲಿ ಮಲಗಿದರೆ ಅಪರಾಧಿಯಾದನು! ಆ ಕಾಯಿದೆಯನ್ನು ರದ್ದುಪಡಿಸುವ ವಿಧಿಯನ್ನು ಅಲ್ಲಿಯ ಪಾರ್ಲಿಮೆಂಟು ಅಂಗೀಕರಿಸಿದ್ದು 2022ರಲ್ಲಿ.

ಆ ಬೀಜವು ಇಂಗ್ಲಿಷರೊಡನೆ ಸಮುದ್ರಗಳನ್ನು ದಾಟಿತು. ನಮ್ಮ ದೇಶದಲ್ಲಿ 1871ರ ಕಾಯಿದೆಯೊಂದು ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು; ಅದು ಅಳಿದದ್ದು ಸ್ವಾತಂತ್ರ್ಯ ಬಂದಮೇಲೆ, 1952ರಲ್ಲಿ. ಕೆಲಸ ಕಳೆದುಕೊಂಡು ಇಲ್ಲಿ ಅಲೆಯುತ್ತಿದ್ದ ಬಡ ಯೂರೋಪಿಯನರನ್ನು ಬೀದಿಗಳಿಂದ ತೆಗೆಯುವುದಕ್ಕಾಗಿಯೂ 1874ರಲ್ಲಿ ಒಂದು ಕಾಯಿದೆಯಿತ್ತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಆಳುವವರ ಜಾತಿಗೆ ಸೇರಿದವನಾದರೂ ಬಡವನು ಬೀದಿಯಲ್ಲಿ ಕಾಣಬಾರದು! ನಮ್ಮ ಮೈಸೂರು ಸಂಸ್ಥಾನದಲ್ಲಿ 1944ರಲ್ಲಿಯೂ, ಮದರಾಸಿನಲ್ಲಿ 1945ರಲ್ಲಿಯೂ, ಮುಂಬಯಿಯಲ್ಲಿ 1959ರಲ್ಲಿಯೂ ಭಿಕ್ಷಾಟನೆಯ ಮೇಲೆ ಕಾಯಿದೆಗಳಾದುವು. ಮುಂಬಯಿಯದನ್ನು ದೆಹಲಿಗೂ ವಿಸ್ತರಿಸಿದರು. ಅದರ ಶಿಕ್ಷೆಯನ್ನು ಕೇಳಿ: ಮೊದಲ ಸಲ ಒಂದು ವರ್ಷಕ್ಕೆ ಕಡಮೆಯಿಲ್ಲದೆ ಮೂರು ವರ್ಷಗಳವರೆಗೆ ಬಂಧನ, ಮತ್ತೆ ಮತ್ತೆ ಸಿಕ್ಕಿಬಿದ್ದವನಿಗೆ ಹತ್ತು ವರ್ಷಗಳವರೆಗೆ.

ಇಂಥ ವಿಧಿಗಳ ಬಲೆಯಲ್ಲಿ ಯಾರು ಯಾರು ಬೀಳುತ್ತಾರೆಂಬುದನ್ನು ಕನ್ನಡಿಗರು ವಿಶೇಷವಾಗಿ ಯೋಚಿಸಬೇಕು. ಹಾಡು, ಕುಣಿತ, ಭವಿಷ್ಯ ಎಂದು ಕಾಯಿದೆಯಲ್ಲಿ ಬರೆದದ್ದನ್ನು ಓದುವಾಗ ನಮ್ಮ ಕಣ್ಣಮುಂದೆ ಬರುವವರು ಕೋಲೆಬಸವನನ್ನು ಆಡಿಸುವವರು, ಬುಡಬುಡಿಕೆಯವರು, ಕಿನ್ನರಿ ಜೋಗಿಗಳು, ಗೊಂದಲಿಗರು, ದೊಂಬರು. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ, ಮಲೆಯ ಮಹದೇಶ್ವರನ ಕಥೆಯನ್ನು ಕಂಸಾಳೆಯ ದೇವರಗುಡ್ಡರೂ ತಲೆಮಾರುಗಳಿಂದ ಬಾಯಲ್ಲಿ ಹೊತ್ತು ತಂದರು. ಮನೆಬಾಗಿಲಿನ ಒಂದು ಮೊರ ಅಕ್ಕಿಯೇ ಅವರಿಗೆ ಸಂಭಾವನೆ. ಧಾರ್ಮಿಕ ವ್ರತಕ್ಕಾಗಿ, ತಮ್ಮ ಮತದ ರೂಢಿಯಂತೆ, ಯಾರಿಗೂ ಉಪದ್ರವವಾಗದ ಹಾಗೆ ಬೇಡುವವರನ್ನು ನಮ್ಮ 1975ರ ಕಾಯಿದೆಯು ಹೊರಗಿಟ್ಟಿದೆಯೆಂಬುದು ನಿಜ. ಅದು ಶ್ಲಾಘ್ಯವೂ ಹೌದು. ಆದರೆ ವೃತ್ತದಲ್ಲಿ ನಿಂತ ಪೋಲೀಸಿನವರು ಒಂದು ನಿಮಿಷದಲ್ಲಿ, ಇದು ವ್ರತ, ಇದು ನೆವ ಎಂದು ನಿರ್ಣಯಿಸುವುದು ಹೇಗೆ? ಪಂಡಿತರ ಸಭೆಗೂ ಅದು ಕಷ್ಟದ ಕೆಲಸ.

ಇಷ್ಟು ಹೇಳಿದಮೇಲೆ ಎದುರು ಪಕ್ಷವನ್ನೂ ಕೇಳತಕ್ಕದ್ದು ನ್ಯಾಯ. ನಮ್ಮ ಸೋದರಿಯರು ಹೇಳುವುದುಂಟು: "ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದು ಸೆರಗು ಹಿಡಿದು ಎಳೆಯುತ್ತಾರೆ, ಕೊಡದಿದ್ದರೆ ಶಪಿಸುತ್ತಾರೆ, ವಾಹನಗಳ ನಡುವೆ ನುಗ್ಗುತ್ತಾರೆ, ಇವರ ಹಿಂದೆ ದುಡ್ಡು ಕಿತ್ತುಕೊಳ್ಳುವ ದುರುಳರಿದ್ದಾರೆ." ಈ ದೂರಿನಲ್ಲಿ ಸತ್ಯವುಂಟು. ಆದರೆ ಇಲ್ಲಿ ನಾವು ವಿಂಗಡಿಸಿ ನೋಡಬೇಕು. ಸೆರಗೆಳೆಯುವುದು, ಹೆದರಿಸುವುದು, ದಾರಿಗೆ ಅಡ್ಡಬರುವುದು ತಪ್ಪು. ಅವನ್ನು ಬಡವನು ಮಾಡಿದರೂ ತಪ್ಪು, ಸಾಹುಕಾರನು ಮಾಡಿದರೂ ತಪ್ಪು. ಮಕ್ಕಳನ್ನು ಭಿಕ್ಷೆಗೆ ನಿಯೋಗಿಸುವವನಿಗೆ 2015ರ ಬಾಲನ್ಯಾಯ ಕಾಯಿದೆಯು ಐದು ವರ್ಷಗಳವರೆಗೆ ಸೆರೆಯನ್ನೂ ಒಂದು ಲಕ್ಷ ರೂಪಾಯಿ ದಂಡವನ್ನೂ ವಿಧಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 139ನೆಯ ವಿಧಿಯು, ಭಿಕ್ಷೆಗಾಗಿ ಮಗುವನ್ನು ಅಪಹರಿಸಿದವನಿಗೆ ಹತ್ತು ವರ್ಷಗಳಿಗೆ ಕಡಮೆಯಿಲ್ಲದ ಕಠಿಣ ಸೆರೆಯನ್ನೂ, ಅಂಗವೈಕಲ್ಯ ಮಾಡಿದವನಿಗೆ ಇಪ್ಪತ್ತು ವರ್ಷಗಳಿಗೆ ಕಡಮೆಯಿಲ್ಲದ ಸೆರೆಯನ್ನೂ ಗೊತ್ತುಮಾಡಿದೆ. ದುರುಳರನ್ನು ಹಿಡಿಯಲು ಇವು ಸಾಲವೆಂದು ಹೇಳುವವರಾರು? ಬೇಡಿಸುವವನನ್ನು ಹಿಡಿಯುವುದು ಪ್ರಯಾಸದ ಕೆಲಸ; ಬೇಡುವವನನ್ನು ಹಿಡಿಯುವುದು ಸುಲಭ. ಗಾಡಿಯಲ್ಲಿ ತುಂಬಿಹೋಗುವವನು ಎರಡನೆಯವನು.

ನ್ಯಾಯಸ್ಥಾನಗಳು ಈ ವಿವೇಕವನ್ನು ಮೆಲ್ಲಮೆಲ್ಲನೆ ಕಂಡುಕೊಂಡಿವೆ. ಅಮೆರಿಕಾದ ಜ್ಯಾಕ್ಸನ್‌ವಿಲ್ ಪಟ್ಟಣದಲ್ಲಿ, ಅದೇ ಹಳೆಯ ಇಂಗ್ಲಿಷ್ ಕಾಯಿದೆಗಳ ಮಾತುಗಳನ್ನೇ ಇಟ್ಟುಕೊಂಡು, ಉದ್ದೇಶವಿಲ್ಲದೆ ಅಲೆಯುವವರನ್ನು ಹಿಡಿಯುವ ವಿಧಿಯೊಂದಿತ್ತು. 1972ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಸ್ಥಾನವು ಅದನ್ನು ಹೊಡೆದುಹಾಕಿತು. ಯಾವುದು ಅಪರಾಧವೆಂದು ಸಾಮಾನ್ಯ ಮನುಷ್ಯನಿಗೆ ತಿಳಿಯದು, ಯಾರನ್ನು ಹಿಡಿಯಬೇಕೆಂಬುದು ಪೋಲೀಸಿನವರ ಇಚ್ಛೆಗೇ ಬಿಟ್ಟದ್ದು. ಅಂಥದು ಕಾನೂನಾಗದು ಎಂಬುದು ಆ ತೀರ್ಪಿನ ಸಾರಾಂಶ. ನಮ್ಮಲ್ಲಿ 2006ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರು ಮನುಷ್ಯನು ಬೇಡುವುದಕ್ಕೆ ನಾಲ್ಕು ಕಾರಣಗಳನ್ನು ವಿಂಗಡಿಸಿದರು: ಸೋಮಾರಿತನ, ಮದ್ಯಾದಿಗಳ ಚಟ, ಪರರ ಬಲಾತ್ಕಾರ, ಹಸಿವು ಮತ್ತು ಅನಾಥತೆ. ಗತಿಯಿಲ್ಲದೆ ಬೇಡಿದವನನ್ನು ಶಿಕ್ಷಿಸುವುದು ನ್ಯಾಯವಲ್ಲವೆಂದು ಅವರು ಕಂಡರು. 2018ನೆಯ ಆಗಸ್ಟ್ 8ರಂದು ಅದೇ ನ್ಯಾಯಾಲಯವು ಇನ್ನೂ ಮುಂದೆ ಹೋಗಿ, ಬೇಡುವುದನ್ನೇ ಅಪರಾಧವೆಂದು ಎಣಿಸುವ ವಿಧಿಗಳನ್ನು ದೆಹಲಿಯ ಮಟ್ಟಿಗೆ ತಳ್ಳಿಹಾಕಿತು. ಬೇಡಿಸುವವನನ್ನು ಶಿಕ್ಷಿಸುವ ವಿಧಿಯನ್ನು ಮಾತ್ರ ಉಳಿಸಿತು. ಅನ್ನ, ಆಶ್ರಯಗಳನ್ನು ಒದಗಿಸಲಾರದ ಸರ್ಕಾರವು, ಅವನ್ನು ಕೇಳಿದವನನ್ನು ಅಪರಾಧಿಯೆನ್ನಬಹುದೇ ಎಂಬ ಪ್ರಶ್ನೆಯೇ ಆ ವಿಚಾರಣೆಯ ಹೃದಯ. 2019ರಲ್ಲಿ ಜಮ್ಮು ಮತ್ತು ಕಾಶ್ಮೀರದ ಉಚ್ಚ ನ್ಯಾಯಾಲಯವೂ ಅಲ್ಲಿಯ ಕಾಯಿದೆಯನ್ನು ಅಸಿಂಧುವೆಂದಿತು. 2021ರ ಜುಲೈಯಲ್ಲಿ, ಸಾಂಕ್ರಾಮಿಕ ರೋಗದ ದಿನಗಳಲ್ಲಿ, ಭಿಕ್ಷುಕರನ್ನು ಬೀದಿಗಳಿಂದ ತೆಗೆಸಬೇಕೆಂದು ಬಂದ ಪ್ರಾರ್ಥನೆಯ ಆ ಭಾಗವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ.

ಆದರೆ ಲೋಕದ ಗತಿ ಒಂದೇ ದಿಕ್ಕಿನಲ್ಲಿ ನಡೆಯುವುದಿಲ್ಲ. 2025ನೆಯ ಇಸವಿಯ ಮೊದಲ ದಿನದಿಂದ ಇಂದೂರು ನಗರದಲ್ಲಿ, ಭಿಕ್ಷೆ ಕೊಡುವವನ ಮೇಲೆಯೇ ಮೊಕದ್ದಮೆ ಹೂಡುವುದೆಂದು ಜಿಲ್ಲಾಧಿಕಾರಿಗಳ ಆಜ್ಞೆಯಾಯಿತು. 1349ರ ಶಾಸನವನ್ನು ಓದಿದವರಿಗೆ ಇದು ಹೊಸದಾಗಿ ತೋರದು. ಕಂಡದ್ದನ್ನು ಕಾಣದಂತೆ ಮಾಡುವುದನ್ನೇ ಪರಿಹಾರವೆಂದು ಭಾವಿಸುವ ಹಳೆಯ ಭ್ರಮೆಯಿದು. 2011ರ ಜನಗಣತಿಯಲ್ಲಿ ಭಿಕ್ಷುಕರೂ ಅಲೆಮಾರಿಗಳೂ ಎಂದು ಲೆಕ್ಕಕ್ಕೆ ಬಂದವರು ದೇಶದಲ್ಲಿ 4,13,670 ಮಂದಿ. ಇಷ್ಟು ಮಂದಿಯನ್ನು ಒಂದು ಬೀದಿಯಿಂದ ಎಬ್ಬಿಸಿದರೆ ಇನ್ನೊಂದು ಬೀದಿಯಲ್ಲಿ ಕೂರುತ್ತಾರಲ್ಲದೆ ಆವಿಯಾಗಿ ಹೋಗುವುದಿಲ್ಲ.

ಈಗ ಗೃಹಸ್ಥರಾದ ನಮ್ಮ ವಿಷಯಕ್ಕೆ ಬರೋಣ. ನಿಮ್ಮ ಮನೆಯ ಕಂದಾಯದ ರಸೀದಿಯನ್ನು ಪೆಟ್ಟಿಗೆಯಿಂದ ಒಮ್ಮೆ ಹೊರತೆಗೆದು ನೋಡಿ. ಕಂದಾಯದ ಮೇಲೆ ಹೆಚ್ಚುವರಿಯಾಗಿ ಕೂಡಿಸಿದ ಕರಗಳಲ್ಲಿ ಭಿಕ್ಷುಕರ ಕರವೆಂಬುದೂ ಒಂದು. ನೂರು ರೂಪಾಯಿ ಕಂದಾಯಕ್ಕೆ 3 ರೂಪಾಯಿ. 1975ರ ಕಾಯಿದೆಯೇ ಇದನ್ನು ಗೊತ್ತುಮಾಡಿದೆ. ಸ್ಥಳೀಯ ಸಂಸ್ಥೆಗಳು ಇದನ್ನು ನಮ್ಮಿಂದ ವಸೂಲುಮಾಡಿ, ಕೇಂದ್ರ ಪರಿಹಾರ ಸಮಿತಿಗೆ ಸಲ್ಲಿಸತಕ್ಕದ್ದು; ಸಮಿತಿಯು ಅದರಿಂದ ನಿರಾಶ್ರಿತರಿಗೆ ಅನ್ನ, ವಸತಿ, ಔಷಧ, ಕಸಬಿನ ಶಿಕ್ಷಣಗಳನ್ನು ಒದಗಿಸತಕ್ಕದ್ದು. ನೋಡಿದಿರಾ! ಬೀದಿಯಲ್ಲಿ ಕೈಯೊಡ್ಡಿದವನಿಗೆ ನಾವು ಕೊಟ್ಟೆವೋ ಬಿಟ್ಟೆವೋ, ಮನೆಯುಳ್ಳ ಪ್ರತಿಯೊಬ್ಬನೂ ವರ್ಷಕ್ಕೊಮ್ಮೆ ಭಿಕ್ಷೆಯನ್ನು ಕೊಡುತ್ತಲೇ ಇದ್ದಾನೆ. ಹಿಂದೆ ಹೇಳಿದ ಧಾತ್ವರ್ಥವು ಇಲ್ಲಿ ಸಾರ್ಥಕವಾಯಿತು: ಅದು ಅವರ ಪಾಲು. ನಮ್ಮ ಕೈಯಿಂದ ಹೊರಟುಹೋದ ಪಾಲು.

ಹೊರಟದ್ದು ತಲಪಿತೇ ಎಂದು ನಾವು ಎಂದಾದರೂ ಕೇಳಿದ್ದೇವೆಯೇ? 2010ನೆಯ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ, ಹಿಡಿದು ತಂದು ಇರಿಸಿದ್ದವರಲ್ಲಿ ಅನೇಕರು ಕೆಲವೇ ದಿನಗಳಲ್ಲಿ ಒಬ್ಬರಾದಮೇಲೊಬ್ಬರು ಮರಣಹೊಂದಿದರು. ಪತ್ರಿಕೆಗಳು ಕೂಗಿದಮೇಲೆ ರಾಜ್ಯವೆಲ್ಲ ಬೆಚ್ಚಿತು. ಸ್ವಲ್ಪ ದಿನ ಮಾತನಾಡಿ ನಾವು ಮರೆತೆವು. ಅತಿಥಿಗೆ ಅನ್ನ ಬಡಿಸಲು ಅಡುಗೆಯವರ ಕೈಗೆ ಅಕ್ಕಿ ಕೊಟ್ಟು, ಅತಿಥಿಯು ಉಂಡನೋ ಉಪವಾಸ ಮಲಗಿದನೋ ಎಂದು ವಿಚಾರಿಸದ ಗೃಹಸ್ಥನನ್ನು ಧರ್ಮಜ್ಞನೆಂದು ಯಾರು ಕರೆಯುತ್ತಾರೆ?

ಆದಕಾರಣ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇವೆ. ಉಪದ್ರವ ಕೊಡುವವನನ್ನೂ, ಬೇಡಿಸಿ ಬದುಕುವವನನ್ನೂ ಕಾನೂನು ಹಿಡಿಯಲಿ. ಬಡತನವು ಹೊರಗೆ ಕಂಡಿತೆಂಬ ಕಾರಣಕ್ಕೆ ಯಾರನ್ನೂ ಹಿಡಿಯದಿರಲಿ. ‘ಪಡೆಯುವವನು’, ‘ಸುಮ್ಮನೆ ಇರುವವನು’ ಎಂಬ ಮಾತುಗಳು ನಮ್ಮ ಕಾಯಿದೆಯಿಂದ ತೊಲಗಲಿ. ಪರಿಹಾರ ಕೇಂದ್ರಕ್ಕೆ ಹೋಗುವುದು ಅವನ ಇಷ್ಟವಾಗಲಿ. ಒಳ್ಳೆಯ ಅನ್ನವೂ ಒಳ್ಳೆಯ ಮಾತೂ ಇರುವ ಕಡೆಗೆ ಹಸಿದವನನ್ನು ಗಾಡಿಯಲ್ಲಿ ತುಂಬಿ ಒಯ್ಯಬೇಕಾಗಿಲ್ಲ. ಭಿಕ್ಷುಕರ ಕರವು ಪೂರ್ತಿಯಾಗಿ ಸಂದಾಯವಾಗುತ್ತಿದೆಯೇ, ಸಂದಾಯವಾದದ್ದು ಹೇಗೆ ವೆಚ್ಚವಾಗುತ್ತಿದೆ ಎಂಬುದನ್ನು ನಿಮ್ಮ ಊರಿನ ಪ್ರತಿನಿಧಿಗಳನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು. ಮಾಹಿತಿಗಾಗಿ 2005ರ ಕಾಯಿದೆಯೇ ಇದೆ.

ಇನ್ನು ಮನೆಯ ಮಟ್ಟಿಗೆ ಎರಡು ಮಾತು. ಬೀದಿಯಲ್ಲಿ ಮಗುವೊಂದು ಕೈಯೊಡ್ಡಿದರೆ ದುಡ್ಡು ಕೊಟ್ಟು ಕರ್ತವ್ಯ ಮುಗಿಯಿತೆನ್ನದೆ, 1098ಕ್ಕೆ ದೂರವಾಣಿ ಮಾಡಿ. ಅದು ಮಕ್ಕಳ ಸಹಾಯವಾಣಿ. ದೊಡ್ಡವರು ಬೇಡಿದರೆ ಕೊಡುವುದೂ ಬಿಡುವುದೂ ನಿಮ್ಮ ವಿವೇಚನೆ. ಕೊಡಲಾಗದಿದ್ದರೆ "ಮುಂದೆ ಹೋಗಪ್ಪ", "ಮುಂದೆ ಹೋಗಮ್ಮ" ಎಂದು ನಮ್ಮ ತಾಯಂದಿರು ಹೇಳುತ್ತಿದ್ದ ಮಾತಿನಲ್ಲಿ ಅಪ್ಪನೂ ಅಮ್ಮನೂ ಇದ್ದರೆಂಬುದನ್ನು ಮಾತ್ರ ಮಕ್ಕಳಿಗೆ ಕಲಿಸಿ.

ನಮ್ಮ ಘಂಟೆಯ ಮುದುಕನ ಕಣ್ಣು ಈಗ ಗುಣವಾಗಿದೆಯೆಂದು ಮಗನು ತಿಳಿಸಿದ್ದಾನೆ. ಆ ದಿವಸ ಹೊರಡುವಾಗ ಆತನು ಆ ಐದು ರೂಪಾಯಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, "ಇದನ್ನು ಏನು ಮಾಡಲಿ ಮೇಷ್ಟ್ರೇ? ಆ ತಾಯಿ ಯಾರೋ ಗೊತ್ತಿಲ್ಲ, ಹಿಂದಕ್ಕೆ ಕೊಡೋಣವೆಂದರೆ" ಎಂದು ಕೇಳಿದನು. ಬಾಗಿಲ ಬಳಿಯಲ್ಲಿ ಕಡ್ಡಿಪೆಟ್ಟಿಗೆಗಳನ್ನು ಮುಂದಿಟ್ಟುಕೊಂಡು ಕಣ್ಣಿಲ್ಲದ ಹೆಂಗಸೊಬ್ಬಳು ಕುಳಿತಿದ್ದಳು. ನಾವು ಉತ್ತರ ಹೇಳುವುದಕ್ಕೆ ಮೊದಲೇ ಆತನು ನಾಣ್ಯವನ್ನು ಅವಳ ಕೈಯಲ್ಲಿಟ್ಟು, ಕಡ್ಡಿಪೆಟ್ಟಿಗೆಯನ್ನು ತೆಗೆದುಕೊಳ್ಳದೆ ಮಗನ ಹೆಗಲು ಹಿಡಿದು ನಡೆದನು. ಕಾಯಿದೆಯ ಅಕ್ಷರದಂತೆ ಅಲ್ಲಿ ಒಂದು ಅಪರಾಧ ನಡೆಯಿತು. ನಾವು ಅದಕ್ಕೆ ಸಾಕ್ಷಿ. ಯಾರಾದರೂ ಕೇಳಿದರೆ, ಕಂಡದ್ದು ಧರ್ಮವೆಂದೇ ನಾವು ಸಾಕ್ಷಿ ಹೇಳುತ್ತೇವೆ.